ಚಾಮುಂಡಿ ಬೆಟ್ಟದಿಂದ ಕಾಣುವ ಕೆರೆ, ಕಾಣದ ಕೆರೆ

ಮೈಸೂರಿಗೆ ಬಂದ ನೆಂಟರನ್ನು ಚಾಮುಂಡಿ ಬೆಟ್ಟಕ್ಕೆ ಕರೆದೊಯ್ಯುವುದು ಈ ಊರಿನ ಗೃಹಸ್ಥಧರ್ಮಗಳಲ್ಲಿ ಒಂದು. ಮೊದಲು ದೇವಿಯ ದರ್ಶನ, ಅನಂತರ ಮಹಿಷಾಸುರನ ಪ್ರತಿಮೆಯ ಮುಂದೆ ಒಂದು ಛಾಯಾಚಿತ್ರ, ಇಳಿಯುವಾಗ ದಾರಿಯ ತಿರುವಿನಲ್ಲಿ ನಿಂತು ಊರಿನ ನೋಟ. ಅಲ್ಲಿ ನಿಂತವರು ಅರಮನೆಯನ್ನು ತಾವಾಗಿಯೇ ಗುರುತಿಸುತ್ತಾರೆ. ಬಲಕ್ಕೆ ಬೆಳ್ಳಗೆ ಕಾಣುವ ಲಲಿತಮಹಲನ್ನೂ ಬಹುಮಂದಿ ಬಲ್ಲರು. ಕೊನೆಗೆ ಮರಗಳ ನಡುವೆ ಹೊಳೆಯುವ ನೀರನ್ನು ತೋರಿಸಿ, "ಅದು ಯಾವ ಕೆರೆ?" ಎಂದು ಕೇಳುತ್ತಾರೆ. ಕಾರಂಜಿ ಕೆರೆ ಎಂದರೆ ನೆಂಟರಿಗೆ ತೃಪ್ತಿ. ಇತಿಹಾಸದ ಪಾಠ ಹೇಳಿ ತಲೆ ನರೆತ ನನ್ನಂಥವನಿಗೆ ಮಾತು ಅಲ್ಲಿಂದಲೇ ಆರಂಭವಾಗುತ್ತದೆ. ಏಕೆಂದರೆ ಆ ತಿರುವಿನಿಂದ ಕಾಣಬೇಕಾಗಿದ್ದ, ಈಗ ಕಾಣದ ಇನ್ನೊಂದು ಕೆರೆಯಿದೆ. ಬೆಟ್ಟದ ಕಥೆಯನ್ನು ಹೇಳುವವರು ದೇವಿಯ ಕಥೆಯನ್ನೂ ಅರಸರ ಕಥೆಯನ್ನೂ ಹೇಳುತ್ತಾರೆ; ನೀರಿನ ಕಥೆಯನ್ನು ಬಿಟ್ಟುಬಿಡುತ್ತಾರೆ. ಇಂದು ಆ ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಆಸೆ ನನ್ನದು.

ಬೆಟ್ಟವೆಂದು ಕರೆದರೂ ಇದು ದೊಡ್ಡ ಪರ್ವತವೇನಲ್ಲ. ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರ. ಮೈಸೂರು ನಗರವೇ ಸುಮಾರು 770 ಮೀಟರ್ ಎತ್ತರದಲ್ಲಿ ಇರುವುದರಿಂದ ಊರಿನವರ ಕಣ್ಣಿಗೆ ಬೆಟ್ಟದ ನಿಜವಾದ ಎತ್ತರ ಮುನ್ನೂರು ಮೀಟರಿಗಿಂತ ಕೊಂಚ ಕಡಿಮೆ. ಆದರೆ ಸುತ್ತಲಿನ ನೆಲ ಚಪ್ಪಟೆಯಾದ್ದರಿಂದ ಒಂಟಿಯಾಗಿ ಎದ್ದು ನಿಂತು ಇನ್ನೂ ದೊಡ್ಡದಾಗಿ ತೋರುತ್ತದೆ. ಇದರ ಶಿಲೆ ಗ್ರಾನೈಟು. ಅದರ ವಯಸ್ಸು ಸುಮಾರು 80 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ನಮ್ಮ ನಾಡಿನ ಬಂಡೆಗಳಿಗೆ ಹೋಲಿಸಿದರೆ ಇದು ಎಳೆಯದೆಂದೇ ಹೇಳಬೇಕು. ಸುತ್ತಲಿನ ಶಿಲೆಗಳ ವಯಸ್ಸು ಮುನ್ನೂರು ಕೋಟಿ ವರ್ಷಗಳ ಆಸುಪಾಸಿನದು. ಗ್ರಾನೈಟು ನೀರನ್ನು ಕುಡಿಯುವ ಕಲ್ಲಲ್ಲ. ಬಿದ್ದ ಮಳೆಯಲ್ಲಿ ಒಂದಿಷ್ಟನ್ನು ಬಂಡೆಯ ಬಿರುಕುಗಳೂ ಇಳಿಜಾರಿನ ಕುರುಚಲು ಕಾಡಿನ ಮಣ್ಣೂ ಹಿಡಿದುಕೊಳ್ಳುತ್ತವೆ, ಉಳಿದುದು ಹಳ್ಳಗಳ ದಾರಿ ಹಿಡಿದು ತಪ್ಪಲಿಗೆ ಇಳಿಯುತ್ತದೆ. ಈ ಸಣ್ಣ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಈ ಬೆಟ್ಟದ ಹಳೆಯ ಹೆಸರು ಚಾಮುಂಡಿಯದಲ್ಲ. ಮಹಾಬಲಾದ್ರಿ, ಮಹಾಬಲಾಚಲ ಎಂಬ ಹೆಸರುಗಳು ಇಲ್ಲಿರುವ ಮಹಾಬಲೇಶ್ವರನಿಂದ ಬಂದವು. ದೇವಿಯ ಗುಡಿಯ ದಕ್ಷಿಣಕ್ಕೆ, ಜನಸಂದಣಿಯಿಂದ ಸ್ವಲ್ಪ ದೂರದಲ್ಲಿ ತಗ್ಗಾಗಿ ಕುಳಿತಿರುವ ಆ ಈಶ್ವರನ ಗುಡಿಯೇ ಬೆಟ್ಟದ ಮೇಲಿನ ಅತ್ಯಂತ ಪ್ರಾಚೀನ ದೇವಾಲಯ. ಹೊಯ್ಸಳ ವಿಷ್ಣುವರ್ಧನನ ಕಾಲದ, 1128ರ ದಾನಶಾಸನದಲ್ಲಿ ಈ ಸ್ಥಳ ಮಾರ್ಬಳ ತೀರ್ಥವೆಂದು ಬರುತ್ತದೆ. ತೀರ್ಥ ಎಂಬ ಮಾತನ್ನು ಗಮನಿಸಿ. ಕ್ಷೇತ್ರ ಎಂಬ ಅರ್ಥವೂ ಅದಕ್ಕೆ ಉಂಟು, ನೀರು ಎಂಬ ಅರ್ಥವೂ ಉಂಟು. ದೇವಿಯ ದರ್ಶನಕ್ಕೆ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಈ ಗುಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಪ್ರವಾಸಕ್ಕೆ ಹೋದಾಗಲೆಲ್ಲ ನಾವು ಮೊದಲು ಹೋಗುತ್ತಿದ್ದುದು ಅಲ್ಲಿಗೇ. ನೆಲ ತಣ್ಣಗಿರುತ್ತಿತ್ತು, ಗದ್ದಲವಿರುತ್ತಿರಲಿಲ್ಲ, ಮೇಷ್ಟ್ರ ಮಾತು ಹಿಂದಿನ ಸಾಲಿಗೂ ಕೇಳಿಸುತ್ತಿತ್ತು.

ಮೈಸೂರು ಅರಸರ ಮನೆತನಕ್ಕೂ ಬೆಟ್ಟಕ್ಕೂ ಇರುವ ನಂಟು ಅವರ ಹೆಸರುಗಳಲ್ಲೇ ಸೇರಿಹೋಗಿದೆ. ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದವನು ಹಿರಿಯ ಬೆಟ್ಟದ ಚಾಮರಾಜ ಒಡೆಯ. ಅದೇ ಶತಮಾನದ ಉತ್ತರಾರ್ಧದ ಇನ್ನೊಬ್ಬ ಚಾಮರಾಜನಿಗೆ ಬೋಳ ಚಾಮರಾಜನೆಂದು ಹೆಸರು. ಬೆಟ್ಟಕ್ಕೆ ದೇವಿಯ ದರ್ಶನಕ್ಕೆ ಹೋಗಿದ್ದಾಗ ಸಿಡಿಲು ಬಡಿದು ತಲೆಗೂದಲು ಮಾತ್ರ ಹೋಗಿ ಜೀವ ಉಳಿಯಿತೆಂದು ಐತಿಹ್ಯ. ಐತಿಹ್ಯವನ್ನು ನಾನು ಇತಿಹಾಸವೆಂದು ಒಪ್ಪಿಸುವವನಲ್ಲ. ಆದರೆ ಈ ಬೆಟ್ಟದ ಮೇಲೆ ಬೇಸಿಗೆಯ ಮಳೆಯಲ್ಲಿ ಸಿಕ್ಕಿಕೊಂಡವರು ಯಾರೂ ಈ ಕಥೆಯನ್ನು ಅಲ್ಲಗಳೆಯಲಾರರು.

ಇನ್ನು ಮೆಟ್ಟಿಲುಗಳು. ಸಾವಿರ ಮೆಟ್ಟಿಲು ಎನ್ನುವುದು ವಾಡಿಕೆ. ಎಣಿಸಿದವರ ಲೆಕ್ಕ ಒಬ್ಬರದು ಇನ್ನೊಬ್ಬರದಕ್ಕೆ ತಾಳೆಯಾದುದನ್ನು ನಾನು ಕಂಡಿಲ್ಲ. ಇವುಗಳನ್ನೂ, ಮೂರರಲ್ಲಿ ಎರಡು ಪಾಲು ಹತ್ತಿದ ಮೇಲೆ ಎದುರಾಗುವ ಏಕಶಿಲೆಯ ನಂದಿಯನ್ನೂ ಮಾಡಿಸಿದವನು ದೊಡ್ಡ ದೇವರಾಜ ಒಡೆಯ. ಆತನ ಆಳ್ವಿಕೆ 1659ರಿಂದ 1673ರವರೆಗೆ. ಈ ಇಸವಿಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ನಾನು ಕೇಳುತ್ತಿದ್ದ ಪ್ರಶ್ನೆ ಬೇರೆ. ಆಗ ರಾಜಧಾನಿ ಯಾವುದು? ಶ್ರೀರಂಗಪಟ್ಟಣ. 1610ರಲ್ಲಿ ರಾಜ ಒಡೆಯ ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದ ಮೇಲೆ ಅರಸರ ಸಿಂಹಾಸನವೂ ದಸರೆಯೂ ಅಲ್ಲಿಗೇ ಹೋಗಿದ್ದವು. ಮೈಸೂರು ಎಂಬುದು ಅರಸರು ಬಿಟ್ಟುಬಂದ ಹಳೆಯ ಊರು. ದೊಡ್ಡ ದೇವರಾಜನು ಪಟ್ಟಕ್ಕೆ ಬಂದ 1659ರಲ್ಲಿ ಕೆಳದಿಯ ಶಿವಪ್ಪ ನಾಯಕನ ಸೈನ್ಯ ಶ್ರೀರಂಗಪಟ್ಟಣವನ್ನೇ ಮುತ್ತಿತ್ತು. ಅಂಥ ಕಾಲದಲ್ಲಿ, ತಾನು ವಾಸವಾಗಿರದ ಊರಿನ ಬೆಟ್ಟಕ್ಕೆ ಒಬ್ಬ ಅರಸ ಮೆಟ್ಟಿಲು ಕಟ್ಟಿಸಿ, ಹದಿನೈದು ಅಡಿಗೂ ಮಿಕ್ಕಿ ಎತ್ತರದ ನಂದಿಯನ್ನು ಕಡೆಸಿದನೆಂದರೆ, ಮನೆತನದ ಬೇರು ಇಲ್ಲೇ ಇದೆ ಎಂಬುದನ್ನು ಅವನು ಮರೆತಿರಲಿಲ್ಲವೆಂದು ನಾನು ತಿಳಿಯುತ್ತೇನೆ. ನಂದಿಯ ಕೊರಳ ಗಂಟೆ, ಸರಪಣಿಗಳನ್ನು ನೋಡಿ ಮೆಚ್ಚುವವರು ಈ ಇಸವಿಯನ್ನೂ ಒಮ್ಮೆ ನೆನೆದುಕೊಳ್ಳಬಹುದು.

ನನ್ನ ಅಜ್ಜಿ ಆಷಾಢ ಶುಕ್ರವಾರಗಳಲ್ಲಿ ಮೆಟ್ಟಿಲಿಗೊಂದರಂತೆ ಅರಿಶಿನ ಕುಂಕುಮ ಹಚ್ಚುತ್ತಾ ಈ ದಾರಿಯನ್ನು ಏರಿದವರು. ಬೆನ್ನು ಬಗ್ಗಿಸಿಕೊಂಡೇ ಬೆಟ್ಟ ಹತ್ತುವುದೆಂದರೆ ಏನೆಂದು ಹತ್ತಿ ನೋಡಿದವರಿಗೇ ಗೊತ್ತು. ಇಂದಿಗೂ ಆ ಹರಕೆಯನ್ನು ತೀರಿಸುವ ಹೆಂಗಸರಿದ್ದಾರೆ. ನಮ್ಮ ಅಜ್ಜಿಯ ಮಾತು ಬಂದದ್ದು ಒಳ್ಳೆಯದೇ ಆಯಿತು, ಏಕೆಂದರೆ ಕಾಣದ ಕೆರೆಯ ಸುದ್ದಿ ನನಗೆ ಮೊದಲು ತಿಳಿದದ್ದು ಅವರಿಂದ. ಅರಮನೆಯ ಪೂರ್ವಕ್ಕೆ, ಈಗ ದಸರಾ ವಸ್ತುಪ್ರದರ್ಶನ ನಡೆಯುವ ವಿಶಾಲವಾದ ಬಯಲನ್ನು ಎಲ್ಲರೂ ದೊಡ್ಡಕೆರೆ ಮೈದಾನ ಎನ್ನುತ್ತಾರೆ. ಅಜ್ಜಿ ಮಾತ್ರ ಮೈದಾನ ಎಂಬ ಮಾತನ್ನು ಸೇರಿಸುತ್ತಲೇ ಇರಲಿಲ್ಲ. "ದೊಡ್ಡಕೆರೆ ಹತ್ರ ಹೋಗಿಬಾ" ಎನ್ನುತ್ತಿದ್ದರು. ಹುಡುಗನಾಗಿದ್ದಾಗ ನಾನು ಅಲ್ಲಿ ಹೋಗಿ ನೋಡಿದರೆ ಹುಲ್ಲು, ಧೂಳು, ಆಟವಾಡುವ ಹುಡುಗರು. ನೀರೆಲ್ಲಿ?

ನೀರು ಇತ್ತು. ಕೋಟೆಗೂ ಬೆಟ್ಟದ ತಪ್ಪಲಿಗೂ ನಡುವಿನ ತಗ್ಗಿನಲ್ಲಿ, ಹೆಸರಿಗೆ ತಕ್ಕ ಹಾಗೆ ದೊಡ್ಡದಾಗಿ ಹರಡಿಕೊಂಡಿತ್ತು. ಹಳೆಯ ಮೈಸೂರಿಗನೊಬ್ಬ ಬೆಟ್ಟದ ಮೇಲೆ ನಿಂತು ಊರ ಕಡೆ ನೋಡಿದರೆ ಅವನಿಗೂ ಕೋಟೆಗೂ ನಡುವೆ ಮೊದಲು ಕಾಣುತ್ತಿದ್ದುದು ಈ ಕೆರೆಯ ಹರವು. ಇಂದು ನಾವು ನೋಡುವ ಊರಿನ ಚಿತ್ರದಿಂದ ಅದೊಂದು ಭಾಗವನ್ನೇ ಅಳಿಸಿದಂತಾಗಿದೆ.

ಇದು ಹೇಗಾಯಿತೆಂದು ತಿಳಿಯಬೇಕಾದರೆ ಊರು ಒಮ್ಮೆ ಅಳಿದು ಮತ್ತೆ ಹುಟ್ಟಿದ ಕಥೆಗೆ ಹೋಗಬೇಕು. 1787ರ ಸುಮಾರಿಗೆ ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಆ ಕಲ್ಲುಗಳಿಂದ ಪಕ್ಕದ ದಿಣ್ಣೆಯ ಮೇಲೆ ನಜರಾಬಾದ್ ಎಂಬ ಹೊಸ ಕೋಟೆಗೆ ಕೈಹಾಕಿದನು. ಅದು ಮುಗಿಯುವ ಮೊದಲೇ 1799 ಬಂತು. ಶ್ರೀರಂಗಪಟ್ಟಣ ಬಿತ್ತು. ಅದೇ ವರ್ಷದ ಜೂನ್ 30ರಂದು, ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ನಜರಾಬಾದಿಗೆ ಹೋಗಿದ್ದ ಕಲ್ಲುಗಳು ಮತ್ತೆ ಹಳೆಯ ಕೋಟೆಗೆ ಮರಳಿದವು. ಇಂದು ನಜರಾಬಾದ್ ಒಂದು ಮೊಹಲ್ಲಾದ ಹೆಸರಾಗಿ ಮಾತ್ರ ಉಳಿದಿದೆ. ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪದಿಂದ ರಾಜಧಾನಿ ಒಮ್ಮೆಲೇ ಹೊಳೆಯಿಲ್ಲದ ಊರಿಗೆ ಬಂದಿತ್ತು. ದೇವಿಗೂ ಅರಸರಿಗೂ ಇದು ತವರಿಗೆ ಮರಳಿದಂತೆ. ಆದರೆ ಅರಸರ ಹಿಂದೆ ಬಂದ ಸಾವಿರಾರು ಜನಕ್ಕೆ ಕುಡಿಯುವ ನೀರು?

ದಿವಾನ್ ಪೂರ್ಣಯ್ಯನವರು ಇದಕ್ಕೆ ಕೈಹಾಕಿದರು. ಕಾವೇರಿಯಿಂದಲೇ ಕಾಲುವೆ ತೋಡಿ ಮೈಸೂರಿಗೆ ನೀರು ತರುವುದು ಅವರ ಯೋಜನೆ. ಕೆಲಸ ಬಹಳ ದೂರ ನಡೆಯಿತು. ಹೊಳೆಯ ನೀರು ಮಾತ್ರ ಊರನ್ನು ತಲುಪಲಿಲ್ಲ. ಪೂರ್ಣಯ್ಯನವರ ಕಾಲುವೆ ಕೊನೆಗೆ ಊರಿನ ಕೊಳಚೆಯನ್ನು ಹೊರುವ ಹಳ್ಳವಾಗಿ, ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮುಚ್ಚಿಹೋಯಿತು. ದಸರೆಯ ಮೆರವಣಿಗೆ ಸಾಗುವ ಸಯ್ಯಾಜಿರಾವ್ ರಸ್ತೆ ಅದರ ಜಾಡಿನಲ್ಲಿಯೇ ಇದೆ. ಆನೆಯ ಮೇಲಿನ ಅಂಬಾರಿಯನ್ನು ನೋಡಲು ನಾವು ತುದಿಗಾಲಲ್ಲಿ ನಿಲ್ಲುವ ಆ ನೆಲದ ಕೆಳಗೆ ಒಬ್ಬ ದಿವಾನರ ಈಡೇರದ ಆಸೆ ಮಲಗಿದೆ ಎಂದು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗ ಗಾಬರಿಯಿಂದ, "ರಸ್ತೆ ಕುಸಿಯೋದಿಲ್ಲವೆ ಸಾರ್?" ಎಂದಿದ್ದ. ಅವನು ಮುಂದೆ ಸಿವಿಲ್ ಇಂಜಿನಿಯರಾದ.

ಕಾಲುವೆ ಕೈಕೊಟ್ಟ ಮೇಲೆ ಉಳಿದುದು ಕೆರೆ, ಬಾವಿ, ಕಲ್ಯಾಣಿ. ಮುಮ್ಮಡಿಯವರನ್ನು ನಾವು ದೇವಾಲಯಗಳಿಗೂ ಪಂಡಿತರಿಗೂ ಕೊಟ್ಟ ಆಶ್ರಯಕ್ಕಾಗಿ ನೆನೆಯುತ್ತೇವೆ. ಬೆಟ್ಟದ ಮೇಲಿನ ದೇವಿಯ ಗುಡಿ ಅವರಿಂದ 1827ರಲ್ಲಿ ಜೀರ್ಣೋದ್ಧಾರವಾಯಿತು. ಏಳು ಅಂತಸ್ತಿನ ಗೋಪುರ ಅವರದು. ಗುಡಿಯೊಳಗೆ ಮೂವರು ರಾಣಿಯರೊಡನೆ ಕೈಮುಗಿದು ನಿಂತಿರುವ ಅವರ ಪ್ರತಿಮೆಯೂ ಇದೆ. ಆದರೆ ಅದರ ಮರುವರ್ಷ, 1828ರಲ್ಲಿ, ಅವರು ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಲಿಂಗಾಂಬುಧಿ ಕೆರೆಯನ್ನು ಕಟ್ಟಿಸಿದರೆಂಬುದನ್ನು ಎಷ್ಟು ಜನ ಬಲ್ಲರು? ಒಂದು ವರ್ಷ ಗೋಪುರ, ಮರುವರ್ಷ ಕೆರೆ. ಆ ಕಾಲದ ಧರ್ಮದ ಲೆಕ್ಕದಲ್ಲಿ ಎರಡಕ್ಕೂ ಒಂದೇ ಪುಸ್ತಕ. 1831ರಲ್ಲಿ ಇಂಗ್ಲಿಷರು ಅವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ಅಧಿಕಾರವಿಲ್ಲದ ಅರಸನಾಗಿ ಮೂರು ದಶಕಗಳು ಕಳೆದ ಮೇಲೆಯೂ, 1864ರಲ್ಲಿ, ಊರಿನ ಪಶ್ಚಿಮಕ್ಕೆ ಕುಕ್ಕರಹಳ್ಳಿ ಕೆರೆ ಅವರ ಕಾಲದಲ್ಲಿಯೇ ಆಯಿತು. ನಾಲ್ಕು ವರ್ಷಗಳ ಅನಂತರ ಅವರು ತೀರಿಕೊಂಡರು. ಮುಂದೆ 1960ರಲ್ಲಿ ಮಾನಸಗಂಗೋತ್ರಿ ಆ ಕೆರೆಯ ದಂಡೆಯಲ್ಲಿ ನೆಲೆಗೊಂಡದ್ದೂ, ಕುವೆಂಪು ಅವರು ಅದರ ಏರಿಯ ಮೇಲೆ ನಡೆದಾಡುತ್ತಿದ್ದುದೂ ನಿಮಗೆಲ್ಲ ತಿಳಿದದ್ದೇ.

ಹೀಗೆ ಹತ್ತೊಂಬತ್ತನೆಯ ಶತಮಾನದ ನಡುವೆ ಬೆಟ್ಟದ ಮೇಲೆ ನಿಂತವನಿಗೆ ಕಾಣುತ್ತಿದ್ದುದು ನೀರಿನ ನಡುವೆ ಇದ್ದ ಒಂದು ಸಣ್ಣ ಊರು. ಎದುರಿಗೆ ದೊಡ್ಡಕೆರೆ, ತಪ್ಪಲಲ್ಲಿ ಕಾರಂಜಿ, ದೂರದಲ್ಲಿ ಕುಕ್ಕರಹಳ್ಳಿ, ಲಿಂಗಾಂಬುಧಿ, ದಕ್ಷಿಣಕ್ಕೆ ದಳವಾಯಿ ಕೆರೆ. ಬೆಟ್ಟದ ಮೇಲೆಯೇ ದೇವಿಕೆರೆ. ದಸರೆ ಮುಗಿದ ಮೇಲೆ ದೇವಿಯ ತೆಪ್ಪೋತ್ಸವ ನಡೆಯುವುದು ಅಲ್ಲಿ.

ಕೆರೆಗಳ ವಿಷಯದಲ್ಲಿ ಊರಿನವರ ಮನಸ್ಸು ತಿರುಗಿದ್ದು ರೋಗದಿಂದ. 1897ರಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನು ಸಿಕಂದರಾಬಾದಿನಲ್ಲಿ ಮಲೇರಿಯಾಕ್ಕೆ ಸೊಳ್ಳೆಯೇ ವಾಹಕವೆಂಬುದನ್ನು ಕಂಡುಹಿಡಿದನು. ಅದೇ ವರ್ಷ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಪ್ಲೇಗು ಬಂತು. ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಬದುಕಿದವರ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. 1903ರಲ್ಲಿ ನಗರಾಭಿವೃದ್ಧಿಗಾಗಿಯೇ ಒಂದು ಮಂಡಲಿ ಹುಟ್ಟಿತು. ಇಕ್ಕಟ್ಟಾದ ಕೇರಿಗಳು ಒಡೆದು ಅಗಲವಾದ ರಸ್ತೆಗಳಾದವು, ಹೊಸ ಬಡಾವಣೆಗಳು ಎದ್ದವು. 1908ರಲ್ಲಿ ವಿದ್ಯುದ್ದೀಪ ಬಂತು. 1912ರಲ್ಲಿ ಈಗಿನ ಅರಮನೆ ಮುಗಿಯಿತು. 1921ರಲ್ಲಿ ಲಲಿತಮಹಲಿನ ಕೆಲಸ ಆರಂಭವಾಯಿತು. ಬೆಟ್ಟದಿಂದ ನಾವು ಮೆಚ್ಚಿ ನೋಡುವ ಮೈಸೂರು ಬಹುಪಾಲು ಈ ಕಾಲದ್ದು. ಹೊಳೆಯ ನೀರು ಕೊಳಾಯಿಯಲ್ಲಿ ಬರತೊಡಗಿದ್ದೂ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ. ಕೊಳಾಯಿ ಬಂದ ಮನೆಗೆ ಕೆರೆಯ ನೆನಪೇಕೆ? ನಿಂತ ನೀರೆಂದರೆ ಜ್ವರ ಎಂಬ ಭಯ ಒಂದು ಕಡೆ, ಊರ ನಡುವಿನ ನೆಲದ ಬೆಲೆ ಇನ್ನೊಂದು ಕಡೆ. ಕಾಲಕ್ರಮದಲ್ಲಿ ದೊಡ್ಡಕೆರೆ ನೀರು ಕಳೆದುಕೊಂಡು ಮೈದಾನವಾಯಿತು.

ಅಂದಿನವರನ್ನು ದೂರುವುದು ನನಗೆ ಸರಿಯೆನಿಸದು. ಪ್ಲೇಗಿನಲ್ಲಿ ಮನೆಮಂದಿಯನ್ನು ಕಳೆದುಕೊಂಡ ಊರಿಗೆ ಒಣನೆಲವೇ ಕ್ಷೇಮವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ದೂರಬೇಕಾದವರಿದ್ದರೆ ಅದು ನಮ್ಮ ತಲೆಮಾರು. ನಮಗೆ ಪ್ಲೇಗಿನ ನೆಪವಿರಲಿಲ್ಲ. ಕಾರಂಜಿ ಕೆರೆಯನ್ನೇ ನೋಡಿ. ಬೆಟ್ಟದ ಮಳೆನೀರಿನಿಂದ ತುಂಬುತ್ತಿದ್ದ ಕೆರೆ ಅದು. ಅರಮನೆಯ ಕಾರಂಜಿಗಳಿಗೆ ಇಲ್ಲಿಂದ ನೀರು ಹೋಗುತ್ತಿದ್ದುದರಿಂದ ಆ ಹೆಸರೆಂದು ಹೇಳುತ್ತಾರೆ. 1976ರಲ್ಲಿ ಅದು ಮೃಗಾಲಯದ ಆಡಳಿತಕ್ಕೆ ಸೇರಿತು. ಆ ಬಳಿಕವೂ ವರ್ಷಗಟ್ಟಲೆ ಬಡಾವಣೆಗಳ ಕೊಳಚೆ ಅದರೊಳಗೆ ಹರಿಯಿತು. ಆ ದಿನಗಳಲ್ಲಿ ಏರಿಯ ಮೇಲೆ ಮೂಗು ಮುಚ್ಚಿಕೊಂಡು ನಡೆದ ನೆನಪು ನನಗಿದೆ. ಅನಂತರ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಹೂಳು ತೆಗೆದು, ಕೊಳಚೆಯ ದಾರಿ ತಿರುಗಿಸಿ ಕೆರೆಗೆ ಜೀವ ಕೊಟ್ಟರು. ಇಂದು ಅಲ್ಲಿ ದೋಣಿಯಿದೆ, ಜನ ಒಳಗೇ ನಡೆದಾಡಬಹುದಾದ ದೊಡ್ಡ ಪಕ್ಷಿಗೂಡಿದೆ, ನಡುಗಡ್ಡೆಯ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಬೆಟ್ಟದ ತಿರುವಿನಲ್ಲಿ ನಿಂತ ನೆಂಟರು "ಅದು ಯಾವ ಕೆರೆ?" ಎಂದು ಕೇಳುವುದು ಸಾಧ್ಯವಾದದ್ದೇ ಇದರಿಂದ. ಇಲ್ಲದಿದ್ದರೆ ಕಾರಂಜಿ ಮೈದಾನ ಎಂಬ ಹೆಸರೂ ನಮ್ಮ ಕಿವಿಗೆ ಸಹಜವಾಗಿಬಿಡುತ್ತಿತ್ತು.

ಆರಂಭದಲ್ಲಿ ಗ್ರಾನೈಟು ನೀರು ಕುಡಿಯುವ ಕಲ್ಲಲ್ಲ ಎಂದೆನಲ್ಲ, ಅದನ್ನು ಬೆಟ್ಟವೇ ಇತ್ತೀಚೆಗೆ ನೆನಪಿಸಿತು. 2021ರ ಅಕ್ಟೋಬರಿನಲ್ಲಿ ಸುರಿದ ಮಳೆಗೆ ನಂದಿಯ ಕಡೆಗೆ ಹೋಗುವ ರಸ್ತೆಯ ಅಂಚು ಕುಸಿದು ಇಳಿಜಾರಿಗೆ ಜಾರಿತು. ರಸ್ತೆ ಮುಚ್ಚಬೇಕಾಯಿತು. ಮಳೆಯ ನೀರು ತನ್ನ ಹಳೆಯ ಹಳ್ಳವನ್ನು ಹುಡುಕಿಕೊಂಡು ಹೋಗುತ್ತದೆ. ಹಳ್ಳದ ಮೇಲೆ ಡಾಂಬರು ಇದ್ದರೆ ಅದಕ್ಕೇನು ಗೊತ್ತು? ಅದಾದ ಮರುವರ್ಷವೇ ಬೆಟ್ಟಕ್ಕೆ ರೋಪ್‌ವೇ ಹಾಕುವ ಮಾತು ಎದ್ದಿತು. ಊರಿನವರು ವಿರೋಧಿಸಿದರು, ಯೋಜನೆ ನಿಂತಿತು. ಮೇಲೆ ಅಂಗಡಿ, ವಾಹನ ನಿಲ್ದಾಣ, ಕಟ್ಟಡಗಳು ಹೆಚ್ಚಿದಷ್ಟೂ ಕೆಳಗಿನ ಕೆರೆಗಳಿಗೆ ಬರುವ ನೀರಿನ ಬಣ್ಣ ಬದಲಾಗುತ್ತದೆ ಎಂಬುದಕ್ಕೆ ದೊಡ್ಡ ವಿದ್ವತ್ತು ಬೇಡ. ಒಂದು ಮಳೆಯಲ್ಲಿ ಛತ್ರಿ ಹಿಡಿದು ಮೆಟ್ಟಿಲು ಇಳಿದರೆ ಸಾಕು.

ನಾನು ಕೊನೆಯ ಬಾರಿಗೆ ಮಕ್ಕಳನ್ನು ಕರೆದೊಯ್ದ ವರ್ಷ ನಂದಿಯ ಹತ್ತಿರ ಕೂರಿಸಿ ಒಂದು ಕೆಲಸ ಕೊಟ್ಟಿದ್ದೆ. ಕೆಳಗೆ ಕಾಣುವ ಊರಿನ ನಕ್ಷೆ ಬರೆದು ಅದರಲ್ಲಿ ದೊಡ್ಡಕೆರೆಯನ್ನು ಗುರುತಿಸಿ ಎಂದು. ಅರ್ಧಗಂಟೆ ಹುಡುಕಿದರು. ಕೆಲವರು ಕಾರಂಜಿಯನ್ನೇ ದೊಡ್ಡಕೆರೆ ಎಂದು ಬರೆದರು. ಒಬ್ಬಳು ಮಾತ್ರ ಅರಮನೆಯ ಪಕ್ಕದ ಬಯಲಿಗೆ ನೀಲಿ ಬಣ್ಣ ಹಚ್ಚಿ ತಂದಿದ್ದಳು. ಹೇಗೆ ತಿಳಿಯಿತು ಎಂದರೆ, "ಅದರ ಹೆಸರೇ ಕೆರೆ ಅಲ್ಲವೆ ಸಾರ್" ಎಂದಳು. ಆ ನಕ್ಷೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಈ ವರ್ಷ ಹೋಗುವವರು ಸಾಧ್ಯವಾದರೆ ಮಳೆ ನಿಂತ ಮರುದಿನ ಬೆಳಗ್ಗೆ ಏಳಕ್ಕೆ ಮೊದಲು ಹೋಗಿ. ಆಷಾಢ ಶುಕ್ರವಾರವನ್ನು ಬಿಡಿ, ಕಾಲಿಡಲು ಜಾಗವಿರುವುದಿಲ್ಲ. ಮೊಣಕಾಲು ಒಪ್ಪಿದರೆ ಮೆಟ್ಟಿಲು ಹತ್ತಿ. ಒಪ್ಪದಿದ್ದರೆ ಬಸ್ಸಿನಲ್ಲಿ ಹೋಗಿ ನಂದಿಯವರೆಗೆ ಇಳಿದು ಬನ್ನಿ. ಇಳಿಯುವುದೂ ಮೊಣಕಾಲಿಗೆ ಸುಲಭವಲ್ಲ, ನಿಧಾನವಾಗಿ. ನಂದಿಯ ಆಚೆ ಒಂದು ಬಂಡೆಯ ಮೇಲೆ ಕುಳಿತು ಮೊದಲು ಅರಮನೆಯ ಗುಮ್ಮಟವನ್ನು ಹುಡುಕಿ, ಅಲ್ಲಿಂದ ಬೆಟ್ಟದ ಕಡೆಗೆ ಕಣ್ಣು ತನ್ನಿ. ನಿಮ್ಮ ಮನೆಯ ಹಳೆಯ ಟ್ರಂಕುಗಳಲ್ಲಿ, ಅಜ್ಜಂದಿರ ಕಾಲದ ಛಾಯಾಚಿತ್ರಗಳ ನಡುವೆ ದೊಡ್ಡಕೆರೆಯಲ್ಲಿ ನೀರಿದ್ದಾಗಿನ ಚಿತ್ರವೇನಾದರೂ ಸಿಕ್ಕಿದರೆ ಜೋಪಾನವಾಗಿ ತೆಗೆದಿಡಿ. ನಾನು ಬಂದು ನೋಡುತ್ತೇನೆ.